ಉಗ್ರಾಣದ ಬಾಗಿಲು

ಯಾವ ಮನೆಯನ್ನೇ ನೋಡಿದರೂ ಅದರಲ್ಲಿ ಅತಿಥಿಗಳಿಗೆ ತೋರಿಸದ ಒಂದು ಕೋಣೆ ಇದ್ದೇ ಇರುತ್ತದೆ. ಹಜಾರಕ್ಕೆ ಸುಣ್ಣ ಬಣ್ಣಗಳುಂಟು, ದೇವರ ಮನೆಗೆ ರಂಗವಲ್ಲಿಯುಂಟು. ಉಗ್ರಾಣಕ್ಕಾದರೋ ಇರುವುದು ಒಂದು ಚಿಲಕ ಮಾತ್ರ. ಮುರಿದ ತೊಟ್ಟಿಲು, ಹತ್ತಿ ಹೊರಬಂದ ಹಾಸಿಗೆ, ಹಳೆಯ ವಾರಪತ್ರಿಕೆಗಳ ಕಟ್ಟು, ‘ಎಂದಾದರೊಮ್ಮೆ ಬೇಕಾದೀತು’ ಎಂದು ಎತ್ತಿಟ್ಟ ರಟ್ಟಿನ ಪೆಟ್ಟಿಗೆಗಳು, ಇವೆಲ್ಲ ಅಲ್ಲಿ ಸೇರಿಕೊಳ್ಳುತ್ತವೆ. ಯುಗಾದಿಗೋ ದೀಪಾವಳಿಗೋ ವರ್ಷಕ್ಕೊಮ್ಮೆ ಗೃಹಿಣಿ ಅದರ ಬಾಗಿಲನ್ನು ತೆರೆದು, ಒಳಗೆ ಇಣಿಕಿ, ನಿಟ್ಟುಸಿರುಬಿಟ್ಟು ಮತ್ತೆ ಮುಚ್ಚುವುದುಂಟು. ದೊಡ್ಡ ದೊಡ್ಡ ಸಂಸ್ಥೆಗಳ ಉಗ್ರಾಣದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಮುಂಭಾಗದಲ್ಲಿ ಹೂಕುಂಡಗಳು, ಗೋಡೆಯ ಮೇಲೆ ಚಿತ್ರಗಳು. ಹಿಂಭಾಗದ ಒಂದು ಕೋಣೆಯಲ್ಲಿ ಮಾತ್ರ ಯಾರೂ ನೋಡಬಾರದ ರಾಶಿ.

ಅಗ್ನಿರಕ್ಷಣೆಯ ನಿಯಮಗಳನ್ನು ಬರೆದವರ ದೃಷ್ಟಿ ತಪ್ಪದೆ ಹೋಗುವುದು ಈ ಹಿಂಭಾಗದ ಕೋಣೆಗೆ. ಅಮೆರಿಕಾ ದೇಶದಲ್ಲಿ ‘ಲೈಫ್ ಸೇಫ್ಟಿ ಕೋಡ್’ ಎಂಬ ಜೀವರಕ್ಷಣಾ ಸಂಹಿತೆಯೊಂದುಂಟು. ವೃದ್ಧರ ಶುಶ್ರೂಷಾಲಯಗಳಲ್ಲಿ 50 ಚದರ ಅಡಿಗಿಂತ ದೊಡ್ಡದಾದ ಕೋಣೆಯೊಂದರಲ್ಲಿ ಸುಡತಕ್ಕ ಸಾಮಾನುಗಳನ್ನು ತುಂಬಿದರೆ, ಆ ಸಂಹಿತೆ ಅದನ್ನು ‘ಅಪಾಯದ ಸ್ಥಳ’ವೆಂದು ಕರೆಯುತ್ತದೆ. ಐವತ್ತು ಚದರ ಅಡಿಯೆಂದರೆ ಸುಮಾರು ಏಳಡಿಗೆ ಏಳಡಿ. ಎರಡು ಮಂಚ ಹಿಡಿಸುವುದೂ ಕಷ್ಟ. ಬಾಯ್ಲರ್ ಕೋಣೆ, ದುರಸ್ತಿಯ ಕಾರ್ಖಾನೆ, ದೊಡ್ಡ ಬಟ್ಟೆ ಒಗೆಯುವ ಕೋಣೆ ಇವುಗಳ ಸಾಲಿನಲ್ಲಿಯೇ ಅದಕ್ಕೂ ಸ್ಥಾನ. ಇಷ್ಟು ಚಿಕ್ಕ ಕೋಣೆಗೆ ಇಷ್ಟು ದೊಡ್ಡ ಹೆಸರೇಕೆ ಎಂದು ಓದುಗರಿಗೆ ತೋರುವುದು ಸಹಜ. ಅದಕ್ಕೆ ಉತ್ತರ ಆ ಕೋಣೆಯಲ್ಲಿ ಇಲ್ಲ. ಅದರ ಆಚೆಗೆ ಮಲಗಿರುವವರಲ್ಲಿದೆ.

ಕನ್ನಡ ನಾಡಿನ ಪಟ್ಟಣಗಳಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಹೋಗುವ ಚಿಕ್ಕ ಖಾಸಗಿ ಆಸ್ಪತ್ರೆ. ಅಮೆರಿಕಾದಲ್ಲಿ ಆ ಮಾತಿನ ಅರ್ಥವೇ ಬೇರೆ. ಒಬ್ಬರೇ ಏಳಲಾರದ, ಒಬ್ಬರೇ ಉಣ್ಣಲಾರದ, ಕೆಲವೊಮ್ಮೆ ಮಕ್ಕಳ ಗುರುತನ್ನೂ ಹಿಡಿಯಲಾರದ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದುಕೊಳ್ಳುವ ಶುಶ್ರೂಷಾಲಯ ಅದು. ಹಗಲಿನಲ್ಲಿ ದಾದಿಯರೂ ಸಹಾಯಕರೂ ಸಾಕಷ್ಟು ಮಂದಿ ಇದ್ದಾರು. ರಾತ್ರಿಯ ಪಾಳಿಯಲ್ಲಿ ಒಬ್ಬೊಬ್ಬರು ಹಲವಾರು ಹಾಸಿಗೆಗಳನ್ನು ನೋಡಿಕೊಳ್ಳಬೇಕು.

ಬೇರೆ ಯಾವ ಕಟ್ಟಡದಲ್ಲಿ ಬೆಂಕಿ ಬಿದ್ದರೂ ಕೊಡುವ ಬುದ್ಧಿವಾದ ಒಂದೇ: ಎದ್ದು ಹೊರಗೆ ಓಡಿ. ಶಾಲೆಗೂ, ಚಿತ್ರಮಂದಿರಕ್ಕೂ, ಕಚೇರಿಗೂ ಅದು ಸರಿ. ಪಾರ್ಶ್ವವಾಯುವಿನಿಂದ ಮಲಗಿದ ಎಂಬತ್ತರ ವೃದ್ಧೆಗೆ ಓಡೆಂದು ಹೇಳುವುದರಲ್ಲಿ ಅರ್ಥವಿಲ್ಲ. ಒಬ್ಬರನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ಒಯ್ಯಲು ಇಬ್ಬರು ಬೇಕು; ಅಷ್ಟರಲ್ಲಿ ಹೊಗೆ ಹತ್ತು ಕೋಣೆಗಳನ್ನು ಹೊಕ್ಕಿರುತ್ತದೆ. ಆದುದರಿಂದ ಸಂಹಿತೆಯನ್ನು ರಚಿಸಿದವರು ಇಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಮನುಷ್ಯ ಬೆಂಕಿಯಿಂದ ಓಡಲಾರನಾದರೆ, ಬೆಂಕಿಯನ್ನು ಮನುಷ್ಯನ ಬಳಿಗೆ ಬರಗೊಡದಂತೆ ಹುಟ್ಟಿದ ಕೋಣೆಯಲ್ಲಿಯೇ ಕಟ್ಟಿಹಾಕಬೇಕು. ‘ಇದ್ದಲ್ಲಿಯೇ ರಕ್ಷಣೆ’ ಎಂಬ ಈ ತತ್ತ್ವವೇ ಶುಶ್ರೂಷಾಲಯಗಳ ಅಗ್ನಿನಿಯಮಗಳಿಗೆಲ್ಲ ತಳಹದಿ.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದುದಲ್ಲ. 1911ನೆಯ ಇಸವಿ ಮಾರ್ಚ್ 25ರಂದು ನ್ಯೂಯಾರ್ಕ್ ನಗರದ ಟ್ರಯಾಂಗಲ್ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿ 146 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಹರೆಯದ ಹೆಣ್ಣುಮಕ್ಕಳು. ಹೊರಗೆ ಹೋಗುವ ಬಾಗಿಲೊಂದಕ್ಕೆ ಬೀಗ ಹಾಕಿತ್ತು. 1896ರಲ್ಲಿಯೇ ಸ್ಥಾಪಿತವಾಗಿದ್ದ ಆ ದೇಶದ ಅಗ್ನಿರಕ್ಷಣಾ ಸಂಘವು ತರುವಾಯ 1913ರಲ್ಲಿ ಜನರ ಜೀವರಕ್ಷಣೆಗಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ಆ ಸಮಿತಿಯ ಶ್ರಮದ ಫಲವಾಗಿ 1927ರಲ್ಲಿ ಮೊದಲ ಸಂಹಿತೆ ಹೊರಬಂದಿತು. ಕಟ್ಟಡದಿಂದ ಹೊರಬೀಳುವ ದಾರಿಗಳ ವಿಚಾರವೇ ಅದರಲ್ಲಿ ಮುಖ್ಯವಾಗಿತ್ತು. ಬೀಗ ಹಾಕಿದ ಬಾಗಿಲು ಕೊಲ್ಲುತ್ತದೆಂಬ ಪಾಠವನ್ನು ಜನ ಕಲಿತಿದ್ದರು. ಮುಚ್ಚದೆ ಬಿಟ್ಟ ಬಾಗಿಲೂ ಕೊಲ್ಲಬಲ್ಲುದೆಂಬ ಪಾಠ ಇನ್ನೂ ಮುಂದೆ ಕಾದಿತ್ತು.

ಆಮೇಲೆ ಎರಡೇ ವರ್ಷ. 1929ನೆಯ ಇಸವಿ ಮೇ 15ರಂದು ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ಕ್ಲಿನಿಕ್ ಎಂಬ ಹೆಸರಾಂತ ಚಿಕಿತ್ಸಾಲಯದ ನೆಲಮಾಳಿಗೆಯಲ್ಲಿ ಅನಾಹುತ ನಡೆಯಿತು. ಅಲ್ಲಿಯ ಒಂದು ಕೋಣೆಯಲ್ಲಿ ರೋಗಿಗಳ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಕೂಡಿಟ್ಟಿದ್ದರು. ಆ ಕಾಲದ ಫಿಲ್ಮು ನೈಟ್ರೋಸೆಲ್ಯುಲೋಸ್ ಎಂಬ ವಸ್ತುವಿನದು. ಕಾವು ತಗುಲಿದರೆ ಸಾಕು, ಜ್ವಾಲೆಯಿಲ್ಲದೆಯೂ ಕೊಳೆತು ವಿಷಾನಿಲವನ್ನು ಕಾರುವಂಥದು. ಹಬೆಯ ಕೊಳವೆ ಸೋರಿತೋ, ಬಿಸಿಯಾದ ವಿದ್ಯುದ್ದೀಪ ಹತ್ತಿರವಿತ್ತೋ, ಯಾರಾದರೂ ಸಿಗರೇಟು ಸೇದಿದರೋ, ಕಾರಣ ಕಡೆಗೂ ಖಚಿತವಾಗಿ ತೀರ್ಮಾನವಾಗಲಿಲ್ಲ. ಹಳದಿ ಬಣ್ಣದ ವಿಷದ ಹೊಗೆ ಕಟ್ಟಡದೊಳಗಣ ಸಂದುಗಳನ್ನು ಹಿಡಿದು ಮೇಲಿನ ಮಹಡಿಗಳಿಗೆ ಏರಿತು. 123 ಮಂದಿ ಸತ್ತರು. ಸತ್ತವರಲ್ಲಿ ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ಜಾನ್ ಫಿಲಿಪ್ಸರೂ ಇದ್ದರು. ತಮ್ಮ ಕಾಲ ಮೇಲೆ ತಾವೇ ನಡೆದು ಹೊರಬಂದು, ‘ಬದುಕಿದೆವು’ ಎಂದುಕೊಂಡ ಹಲವರು ಕೆಲವು ಗಂಟೆಗಳ ತರುವಾಯ ಉಸಿರುಗಟ್ಟಿ ತೀರಿಕೊಂಡರು. ಮೇಲಿನ ಮಹಡಿಯ ಜನರನ್ನು ಕೊಂದುದು ಅವರಲ್ಲಿ ಬಹುಮಂದಿ ಎಂದೂ ಕಾಲಿಡದಿದ್ದ ಒಂದು ಉಗ್ರಾಣ.

ಈ ದುರಂತವಾದ ಮೇಲೆ ಸುರಕ್ಷಿತವಾದ ಫಿಲ್ಮು ಬಳಕೆಗೆ ಬಂದಿತು. ಫಿಲ್ಮು ಕೂಡಿಡುವ ಬಗೆಗೆ ಕಟ್ಟುನಿಟ್ಟುಗಳೂ ಬಂದುವು. ಆದರೂ ವೃದ್ಧರ ಮನೆಗಳ ಸರದಿ ಮುಗಿದಿರಲಿಲ್ಲ. 1957ರ ಫೆಬ್ರವರಿಯಲ್ಲಿ ಮಿಸೌರಿ ಸಂಸ್ಥಾನದ ವಾರೆಂಟನ್ ಎಂಬ ಊರಿನ ವೃದ್ಧಾಶ್ರಮವೊಂದು ಸುಟ್ಟು 72 ಮಂದಿ ಸತ್ತರು. 1963ರ ನವೆಂಬರಿನಲ್ಲಿ ಓಹಾಯೋದ ಫಿಚ್‌ವಿಲ್‌ನಲ್ಲಿ 63 ಮಂದಿ ಸತ್ತರು. ಇವೆರಡರ ನಡುವೆ, 1961ರ ಡಿಸೆಂಬರ್ 8ರಂದು, ಕನೆಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ಕಸ ಸುರಿಯುವ ಕೊಳವೆಯಲ್ಲಿ ಹುಟ್ಟಿದ ಬೆಂಕಿ ಒಂಬತ್ತನೆಯ ಮಹಡಿಯಲ್ಲಿ ಹೊರಚಿಮ್ಮಿ 16 ಜನರನ್ನು ಬಲಿತೆಗೆದುಕೊಂಡಿತು. ಬಾಗಿಲು ಮುಚ್ಚಿಕೊಂಡ ಕೋಣೆಗಳಲ್ಲಿದ್ದವರು ಉಳಿದುಕೊಂಡರೆಂಬುದು ಆ ಘಟನೆಯಿಂದ ತಿಳಿದುಬಂದ ಮುಖ್ಯ ಪಾಠ. ಸಾಧಾರಣವಾದ ಒಂದು ಬಾಗಿಲು, ಸಕಾಲದಲ್ಲಿ ಮುಚ್ಚಿದ್ದರೆ, ಒಂದು ಜೀವದ ಬೆಲೆಯದೆಂದು ಆಗ ತಿಳಿಯಿತು.

ಈ ಪಾಠಗಳೆಲ್ಲ ಕ್ರಮಕ್ರಮವಾಗಿ ಸಂಹಿತೆಯಲ್ಲಿ ಸೇರಿದುವು. ಅಮೆರಿಕಾದ ಕೇಂದ್ರ ಸರ್ಕಾರವು ತನ್ನ ಆರೋಗ್ಯ ಯೋಜನೆಗಳಿಂದ ಹಣ ಪಡೆಯುವ ಶುಶ್ರೂಷಾಲಯಗಳಿಗೆ ಅದರ 2012ರ ಆವೃತ್ತಿಯನ್ನು 2016ರಲ್ಲಿ ಕಡ್ಡಾಯ ಮಾಡಿತು. ಅದರಲ್ಲಿ ಉಗ್ರಾಣದ ಮಾತು ಹೀಗಿದೆ. ಹೊಸದಾಗಿ ಕಟ್ಟುವ ಶುಶ್ರೂಷಾಲಯದಲ್ಲಿ ಸುಡತಕ್ಕ ಸಾಮಾನಿನ ಕೋಣೆ 50 ಚದರ ಅಡಿಯನ್ನು ಮೀರಿ 100 ಚದರ ಅಡಿಯ ಒಳಗಿದ್ದರೆ, ಅದರ ಗೋಡೆಗಳು ಹೊಗೆಯನ್ನು ತಡೆಯುವಂತಿರಬೇಕು. 100 ಚದರ ಅಡಿಯನ್ನು ಮೀರಿದರೆ, ಗೋಡೆಗಳು ಒಂದು ಗಂಟೆಯ ಕಾಲ ಬೆಂಕಿಯನ್ನು ತಡೆದು ನಿಲ್ಲಬೇಕು. ಬಾಗಿಲು 45 ನಿಮಿಷ ತಡೆಯಬೇಕು. ಬಾಗಿಲಿಗೆ ಕಾಲು ಗಂಟೆಯ ರಿಯಾಯಿತಿ ಏಕೆಂದರೆ, ಗೋಡೆಗೆ ಒತ್ತಿ ಸಾಮಾನು ಜೋಡಿಸುವಂತೆ ಓಡಾಡುವ ಬಾಗಿಲಿಗೆ ಒತ್ತಿ ಯಾರೂ ಜೋಡಿಸುವುದಿಲ್ಲ. ಎರಡು ಬಗೆಯ ಕೋಣೆಗಳಿಗೂ ಮೇಲ್ಛಾವಣಿಯಲ್ಲಿ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲೇಬೇಕು. ಹಳೆಯ ಕಟ್ಟಡಗಳಿಗೆ ನಿಯಮ ತುಸು ಸಡಿಲ: ಒಂದು ಗಂಟೆಯ ಗೋಡೆ, ಇಲ್ಲವೆ ಸ್ಪ್ರಿಂಕ್ಲರಿನೊಡನೆ ಹೊಗೆ ತಡೆಯುವ ಗೋಡೆ, ಎರಡರಲ್ಲೊಂದು ಸಾಕು. ಅಂತೂ ಹಳತಿರಲಿ ಹೊಸತಿರಲಿ, ಬಾಗಿಲು ಮಾತ್ರ ಯಾರ ಕೈಯನ್ನೂ ಕಾಯದೆ ತಾನೇ ಮುಚ್ಚಿಕೊಳ್ಳುವಂತಿರಬೇಕು.

ಸ್ಪ್ರಿಂಕ್ಲರ್ ಎಂದೊಡನೆ ಚಲನಚಿತ್ರಗಳಲ್ಲಿ ಕಾಣುವಂತೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವ ದೃಶ್ಯ ಕಣ್ಮುಂದೆ ಬರುತ್ತದೆ. ನಿಜಸ್ಥಿತಿ ಹಾಗಲ್ಲ. ಸಾಮಾನ್ಯವಾದ ಸ್ಪ್ರಿಂಕ್ಲರಿನ ಬಾಯಿಯಲ್ಲಿ ದ್ರವ ತುಂಬಿದ ಪುಟ್ಟ ಗಾಜಿನ ಗುಳಿಗೆಯೊಂದಿರುತ್ತದೆ. ಸುತ್ತಣ ಕಾವು ಸುಮಾರು 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಗಾಜು ಒಡೆದು, ಆ ಒಂದು ಬಾಯಿಯಿಂದ ಮಾತ್ರ ನೀರು ಕೊಡೆಯ ಆಕಾರದಲ್ಲಿ ಹರಡುತ್ತದೆ. ಆ ಕೊಡೆ ಬಿಚ್ಚಿಕೊಳ್ಳಲು ಜಾಗ ಬೇಡವೇ? ಅದಕ್ಕಾಗಿಯೇ ಅದರ ಕೆಳಗೆ 18 ಅಂಗುಲ ತೆರವಾಗಿರಬೇಕೆಂದು ನಿಯಮ. ಮಲಗುವ ಚಾಪೆಯಿಂದ ಹಿಡಿದು ಮಾತ್ರೆಯ ಪೆಟ್ಟಿಗೆಯವರೆಗೆ ಎಲ್ಲವನ್ನೂ ಛಾವಣಿಗೆ ತಾಗುವಂತೆ ಒಟ್ಟಿದ ಉಗ್ರಾಣದಲ್ಲಿ ನೀರು ಮೇಲಿನ ಪೆಟ್ಟಿಗೆಯನ್ನು ತೋಯಿಸೀತು. ಬೆಂಕಿ ಕೆಳಗಿನ ಪೆಟ್ಟಿಗೆಯಲ್ಲಿ ನಿಶ್ಚಿಂತೆಯಿಂದ ಉರಿದೀತು.

ಗೋಡೆಯ ವಿಷಯದಲ್ಲಿಯೂ ಇಂಥದೇ ಸೂಕ್ಷ್ಮವುಂಟು. ಕಟ್ಟಿದ ದಿನ ಗೋಡೆ ಅಖಂಡವಾಗಿಯೇ ಇರುತ್ತದೆ. ಆಮೇಲೆ ದೂರವಾಣಿಯ ತಂತಿ ಎಳೆಯುವವನು ಬಂದು ಒಂದು ತೂತು ಕೊರೆಯುತ್ತಾನೆ, ನೀರಿನ ಕೊಳವೆಯವನು ಇನ್ನೊಂದು, ಕಂಪ್ಯೂಟರಿನವನು ಮತ್ತೊಂದು. ತೋರಿಕೆಯ ಒಳಛಾವಣಿಯ ಮೇಲ್ಗಡೆ ಇರುವ ಈ ತೂತುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಗೆಗೆ ಮಾತ್ರ ದಾರಿ ತೋರಿಸುವವರು ಬೇಡ. ಬಿಸಿಯಾದ ಹೊಗೆ ಮೊದಲು ಮೇಲಕ್ಕೇರಿ ಛಾವಣಿಯ ಕೆಳಗೆ ಹರಡಿ ಸಂದು ಹುಡುಕುತ್ತದೆ. ಆದುದರಿಂದ ಇಂಥ ತೂತುಗಳನ್ನು ಬೆಂಕಿಗೆ ಜಗ್ಗದ ವಸ್ತುವಿನಿಂದ ಮುಚ್ಚಬೇಕೆಂದು ಸಂಹಿತೆ ವಿಧಿಸುತ್ತದೆ. ತಪಾಸಣೆಯ ಅಧಿಕಾರಿಗಳು ಏಣಿ ಹತ್ತಿ ಒಳಛಾವಣಿಯ ಹಲಗೆ ಸರಿಸಿ ನೋಡುವುದೂ ಉಂಟು.

ಆಮ್ಲಜನಕದ ಸಿಲಿಂಡರುಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಆಮ್ಲಜನಕ ತಾನಾಗಿ ಉರಿಯುವ ವಸ್ತುವಲ್ಲ. ಉರಿಯುವುದನ್ನು ಇಮ್ಮಡಿ ಮುಮ್ಮಡಿ ಉರಿಸುವ ವಸ್ತು. ಹೊಗೆ ಹರಡದಂತೆ ವಿಂಗಡಿಸಿದ ಕಟ್ಟಡದ ಒಂದೊಂದು ವಿಭಾಗದಲ್ಲಿ 300 ಘನ ಅಡಿಯವರೆಗೆ, ಅಂದರೆ ಕೈಗಾಡಿಯಲ್ಲಿ ಒಯ್ಯುವ ಚಿಕ್ಕ ಸಿಲಿಂಡರುಗಳಾದರೆ ಸುಮಾರು ಹನ್ನೆರಡನ್ನು, ವಿಶೇಷ ಕೋಣೆಯಿಲ್ಲದೆ ಇಡಬಹುದು. ಅದನ್ನು ಮೀರಿದರೆ ಪ್ರತ್ಯೇಕ ಕೋಣೆ ಬೇಕು. ಸುಡತಕ್ಕ ವಸ್ತುಗಳು ಅದರಿಂದ 20 ಅಡಿ, ಸ್ಪ್ರಿಂಕ್ಲರ್ ಇದ್ದಲ್ಲಿ 5 ಅಡಿ, ದೂರವಿರಬೇಕು. ತುಂಬಿದ ಸಿಲಿಂಡರುಗಳನ್ನೂ ಬರಿದಾದವುಗಳನ್ನೂ ಬೇರೆ ಬೇರೆ ಇಡಬೇಕು. ಉಸಿರಿಗೆ ಒದ್ದಾಡುವ ರೋಗಿಯ ಬಳಿಗೆ ಗಾಬರಿಯಲ್ಲಿ ಬರಿಯ ಸಿಲಿಂಡರನ್ನು ಹೊತ್ತುತರುವ ಪ್ರಮೇಯ ಬಾರದಿರಲೆಂದು ಈ ಎಚ್ಚರ.

ಇಷ್ಟೆಲ್ಲ ಬರೆದಿಟ್ಟರೂ ಈ ನಿಯಮಗಳನ್ನು ಸೋಲಿಸುವ ಆಯುಧವೊಂದಿದೆ. ಅದು ಒಂದು ಮರದ ಬೆಣೆ. ದಾದಿಯೊಬ್ಬಳು ಎರಡು ಕೈಗಳಲ್ಲೂ ಹೊದಿಕೆಗಳನ್ನು ತುಂಬಿಕೊಂಡು ಉಗ್ರಾಣದಿಂದ ಹೊರಬರುತ್ತಾಳೆ; ತಾನಾಗಿ ಮುಚ್ಚಿಕೊಳ್ಳುವ ಭಾರವಾದ ಬಾಗಿಲು ಅವಳ ಭುಜಕ್ಕೆ ಬಡಿಯುತ್ತದೆ. ದಿನಕ್ಕೆ ನಲವತ್ತು ಬಾರಿ ಹೀಗಾದರೆ ಯಾರಿಗೆ ಬೇಸರವಾಗದು? ಬಾಗಿಲಿನ ಅಡಿಗೆ ಅವಳು ಬೆಣೆ ಸಿಕ್ಕಿಸುತ್ತಾಳೆ. ಬೆಣೆ ಸಿಗದಿದ್ದರೆ ಕಸದ ಬುಟ್ಟಿಯನ್ನು ಒತ್ತರಿಸುತ್ತಾಳೆ. ಇದರಲ್ಲಿ ಅವಳ ದುರುದ್ದೇಶವೇನೂ ಇಲ್ಲ. ಕಾಯುತ್ತಿರುವ ರೋಗಿಗೆ ಬೇಗ ಹೊದಿಕೆ ಮುಟ್ಟಲೆಂಬ ಸದ್ಭಾವವೇ ಇದೆ. ಆದರೆ ಒಂದು ಗಂಟೆಯ ಗೋಡೆಯೂ ಮುಕ್ಕಾಲು ಗಂಟೆಯ ಬಾಗಿಲೂ ಆ ಬೆಣೆಯ ಮುಂದೆ ನಿಷ್ಪ್ರಯೋಜಕ. ಸಂಹಿತೆ ಈ ಮನುಷ್ಯಸ್ವಭಾವವನ್ನು ಅರಿಯದೆ ಇಲ್ಲ. ಬಾಗಿಲು ತೆರೆದೇ ಇರಬೇಕಾದ ಅಗತ್ಯವಿದ್ದರೆ ಅದನ್ನು ವಿದ್ಯುತ್ ಅಯಸ್ಕಾಂತದಿಂದ ಹಿಡಿದಿಡಬಹುದು. ಬೆಂಕಿಯ ಗಂಟೆ ಬಾರಿಸಿದೊಡನೆ ಅಯಸ್ಕಾಂತ ಹಿಡಿತ ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ದಾದಿಯನ್ನು ಗದರಿಸುವುದಕ್ಕಿಂತ ಈ ಸಲಕರಣೆಗೆ ಹಣ ತೆಗೆದಿಡುವುದು ಆಡಳಿತದವರಿಗೆ ಒಪ್ಪುವ ಕೆಲಸ.

ಇನ್ನೊಂದು ಲೋಪ ಇದಕ್ಕಿಂತ ನಿಶ್ಶಬ್ದವಾದುದು. ಶುಶ್ರೂಷಾಲಯದಲ್ಲಿ ಕೋಣೆಯೊಂದು ಖಾಲಿಯಾಗುತ್ತದೆ. ಹೊಸಬರು ಬರುವವರೆಗೆಂದು ಅಲ್ಲಿ ಎರಡು ಗಾಲಿಕುರ್ಚಿಗಳನ್ನಿಡುತ್ತಾರೆ. ಆಮೇಲೆ ನಾಲ್ಕು ಗಾದಿಗಳು. ಆಮೇಲೆ ಕಾಗದಪತ್ರಗಳ ಪೆಟ್ಟಿಗೆಗಳು. ಬಾಗಿಲಿನ ಮೇಲೆ ಹಳೆಯ ಕೋಣೆಯ ಸಂಖ್ಯೆಯೇ ಇದೆ. ಒಳಗೆ ಮಾತ್ರ ಉಗ್ರಾಣ. ಮಲಗುವ ಕೋಣೆಯ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಕೀಲು ಇರಬೇಕೆಂಬ ನಿಯಮವಿಲ್ಲ. ಆದುದರಿಂದ ಈ ಹೊಸ ಉಗ್ರಾಣಕ್ಕೂ ಅದು ಇಲ್ಲ. ನಿಯಮವಾದರೋ ಕೋಣೆಯ ಹೆಸರನ್ನು ಕೇಳುವುದಿಲ್ಲ, ಒಳಗೇನಿದೆ ಎಂದು ಕೇಳುತ್ತದೆ. ಪಕ್ಕದ ಹಾಸಿಗೆಯಲ್ಲಿ ಮಲಗಿದ ವೃದ್ಧನಿಗೆ ತನ್ನ ನೆರೆಮನೆ ಬದಲಾದುದೇ ತಿಳಿದಿರುವುದಿಲ್ಲ.

ನಿಯಮ ಬರೆಯುವುದು ಒಂದು, ಅದಕ್ಕೆ ಹಣ ಹೂಡುವುದು ಇನ್ನೊಂದು. 2003ನೆಯ ಇಸವಿಯಲ್ಲಿ ಹಾರ್ಟ್‌ಫರ್ಡ್ ಮತ್ತು ನ್ಯಾಶ್‌ವಿಲ್ ನಗರಗಳ ಎರಡು ಶುಶ್ರೂಷಾಲಯಗಳಲ್ಲಿ ಬೆಂಕಿ ಬಿದ್ದು ಒಟ್ಟು 31 ವೃದ್ಧರು ಸತ್ತರು. ಆ ಎರಡು ಬೆಂಕಿಗಳೂ ಹುಟ್ಟಿದುದು ಮಲಗುವ ಕೋಣೆಯಲ್ಲಿ, ಉಗ್ರಾಣದಲ್ಲಲ್ಲ. ಆದರೆ ಎರಡು ಕಟ್ಟಡಗಳಲ್ಲಿಯೂ ಸ್ಪ್ರಿಂಕ್ಲರ್ ಇರಲಿಲ್ಲ. ಹಳೆಯ ಕಟ್ಟಡಗಳಿಗೆ ಅದು ಕಡ್ಡಾಯವಾಗಿರಲಿಲ್ಲ. ಖರ್ಚು ಬಹಳವೆಂಬುದೇ ಅಂದಿನವರೆಗೆ ನಡೆದುಬಂದ ವಾದ. ಐದು ವರ್ಷಗಳ ಚರ್ಚೆಯಾದ ಮೇಲೆ, 2008ರಲ್ಲಿ, ಎಲ್ಲ ಶುಶ್ರೂಷಾಲಯಗಳೂ 2013ರ ಆಗಸ್ಟ್ 13ರೊಳಗಾಗಿ ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಅಳವಡಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಕನ್ನಡಿಗರದು. ಅದರ ಅನುಭವ ಎಲ್ಲ ದೇಶಗಳದು.

ಭಾರತಕ್ಕೂ ಈ ಅನುಭವ ಹೊಸದಲ್ಲ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕಲ್ಕತ್ತೆಯ ಢಾಕುರಿಯಾ ಬಡಾವಣೆಯ ಎ.ಎಂ.ಆರ್.ಐ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿತು. ವಾಹನಗಳನ್ನು ನಿಲ್ಲಿಸಲೆಂದು ಇದ್ದ ಆ ಸ್ಥಳದಲ್ಲಿ ಸುಡತಕ್ಕ ಸಾಮಾನುಗಳನ್ನು ಕೂಡಿಟ್ಟಿದ್ದರು. ಹೊಗೆ ಮೇಲಿನ ವಾರ್ಡುಗಳಿಗೆ ನುಗ್ಗಿತು. ಹವಾನಿಯಂತ್ರಣಕ್ಕಾಗಿ ಕಿಟಕಿಗಳಿಗೆ ತೆರೆಯಲಾಗದ ಗಾಜು ಹಾಕಿತ್ತು. 90ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಜ್ವಾಲೆ ಮುಟ್ಟಿಯೂ ಇರಲಿಲ್ಲ. ಕೇರಳದಿಂದ ಬಂದಿದ್ದ ರಮ್ಯಾ ರಾಜನ್ ಮತ್ತು ಪಿ. ಕೆ. ವಿನೀತಾ ಎಂಬ ಇಬ್ಬರು ತರುಣ ದಾದಿಯರು ಎಂಟು ರೋಗಿಗಳನ್ನು ಹೊರಗೆ ಸಾಗಿಸಿ, ಒಂಬತ್ತನೆಯವರಿಗಾಗಿ ಮರಳಿ ಹೋದವರು ಹಿಂದಿರುಗಲಿಲ್ಲ. ಅವರ ತ್ಯಾಗವನ್ನು ದೇಶ ಕೊಂಡಾಡಿತು. ಆದರೆ ನೆಲಮಾಳಿಗೆ ಬರಿದಾಗಿದ್ದರೆ ಆ ತ್ಯಾಗದ ಅಗತ್ಯವೇ ಬೀಳುತ್ತಿರಲಿಲ್ಲವೆಂಬುದನ್ನೂ ನೆನೆಯಬೇಕು.

ಭಾರತದಲ್ಲಿಯೂ ನಿಯಮಗಳಿಗೇನೂ ಬಡತನವಿಲ್ಲ. 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವೆಲ್ಲ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ಅದರಲ್ಲಿ ಪ್ರತ್ಯೇಕ ವರ್ಗವಿದೆ. ಆದರೆ ಅಗ್ನಿಶಾಮಕದ ವಿಷಯ ರಾಜ್ಯಗಳಿಗೆ ಸೇರಿದುದಾದುದರಿಂದ, ರಾಜ್ಯಗಳೂ ನಗರಸಭೆಗಳೂ ಸ್ವೀಕರಿಸಿ ಜಾರಿಗೆ ತಂದಷ್ಟಕ್ಕೆ ಮಾತ್ರ ಆ ಸಂಹಿತೆಗೆ ಬಲ. ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿದ್ದರೂ ಉಗ್ರಾಣದ ಬಾಗಿಲು ಮುಚ್ಚುತ್ತದೆಯೋ ಇಲ್ಲವೋ ಎಂಬುದು ಪ್ರತಿ ದಿನದ ಪ್ರಶ್ನೆ.

ತಂದೆಯನ್ನೋ ಅತ್ತೆಯನ್ನೋ ನರ್ಸಿಂಗ್ ಹೋಮಿಗೆ ಅಥವಾ ವೃದ್ಧರ ಮನೆಗೆ ಸೇರಿಸುವಾಗ ಮನೆಯವರು ಕೇಳುವುದು ಸಾಮಾನ್ಯವಾಗಿ ದರವನ್ನು, ಊಟವನ್ನು, ವೈದ್ಯರು ಬರುವ ವೇಳೆಯನ್ನು. ಅವು ಕೇಳಲೇಬೇಕಾದುವು. ಜೊತೆಗೆ ಐದು ನಿಮಿಷ ಬಿಡುವು ಮಾಡಿಕೊಂಡು ಕಟ್ಟಡದ ಹಿಂಭಾಗದಲ್ಲಿ ಒಮ್ಮೆ ನಡೆದು ಬರುವುದು ಒಳಿತು. ಉಗ್ರಾಣದ ಬಾಗಿಲಿಗೆ ಬೆಣೆ ಸಿಕ್ಕಿಸಿದೆಯೇ? ಪೆಟ್ಟಿಗೆಗಳು ಛಾವಣಿಯನ್ನು ಮುಟ್ಟುತ್ತಿವೆಯೇ? ಓಡಾಡುವ ಹಾದಿಯಲ್ಲಿ, ಮೆಟ್ಟಿಲುಗಳ ಕೆಳಗೆ, ನೆಲಮಾಳಿಗೆಯಲ್ಲಿ ಹಳೆಯ ಗಾದಿಗಳ ರಾಶಿ ಇದೆಯೇ? ಸಿಲಿಂಡರುಗಳನ್ನು ಉರುಳದಂತೆ ಸರಪಳಿಯಿಂದ ಬಿಗಿದಿದ್ದಾರೆಯೇ? ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ, ಬೆಂಕಿಯ ಗಂಟೆ ಬಾರಿಸಿದರೆ ಮೊದಲು ಏನು ಮಾಡಬೇಕೆಂದು ಅವರಿಗೆ ಗೊತ್ತೇ? ಇವನ್ನು ಕೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ತುಸು ಸಂಕೋಚ ಬಿಟ್ಟರೆ ಸಾಕು.

ಕೇಳಿದರೆ ಮೇಲ್ವಿಚಾರಕರು ಮುಖ ಸಿಂಡರಿಸಬಹುದು. ‘ನಿಮಗೇಕೆ ಉಗ್ರಾಣದ ಚಿಂತೆ, ರೋಗಿಯ ಕೋಣೆ ಚೆನ್ನಾಗಿದೆಯಲ್ಲ’ ಎನ್ನಬಹುದು. ಆದರೂ ಒಂದು ವಾರದಲ್ಲಿ ನಾಲ್ಕು ಮನೆಯವರು ಇದೇ ಪ್ರಶ್ನೆಯನ್ನು ಕೇಳಿದರೆ, ಐದನೆಯವರು ಬರುವುದರೊಳಗಾಗಿ ಆ ಬೆಣೆಯನ್ನು ಯಾರಾದರೂ ಎತ್ತಿ ಎಸೆದಿರುತ್ತಾರೆ. ಆ ರಾತ್ರಿ ಅಲ್ಲಿ ಮಲಗುವ ಹಿರಿಯರಿಗೆ ಈ ಸಂಗತಿ ತಿಳಿಯಬೇಕಾದುದಿಲ್ಲ. ಅವರು ನಿಶ್ಚಿಂತೆಯಿಂದ ನಿದ್ರಿಸಿದರೆ ಆಯಿತು.